ಯುವಜನರಿಗೆ ರಂಗಮಂದಿರದ ಬಾಗಿಲು ತೆರೆದ ಝಾಂ ವಿಲಾರ್

ನಾಟಕ ನೋಡಲು ಹೊಸ ತಲೆಮಾರಿನವರು ಬರುವುದಿಲ್ಲ ಎಂಬ ಕೊರಗು ಯಾವುದೇ ಒಂದು ಊರಿನ ಸ್ವತ್ತಲ್ಲ, ಒಂದು ಕಾಲದ್ದೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಪ್ಯಾರಿಸ್ ನಗರದಲ್ಲಿಯೂ ಇದೇ ಮಾತು ಕೇಳಿಬರುತ್ತಿತ್ತು. ಅಲ್ಲಿ ನಾಟಕವೆಂದರೆ ಉಳ್ಳವರ ರಾತ್ರಿಯ ವಿನೋದ. ಒಂಬತ್ತು ಗಂಟೆಯ ಹೊತ್ತಿಗೆ ಆಟ ಆರಂಭ. ಟಿಕೆಟಿನ ಹಣ ಕೊಟ್ಟರೆ ಖರ್ಚು ಮುಗಿಯುತ್ತಿರಲಿಲ್ಲ. ಕೋಟು, ಟೋಪಿ ಇರಿಸಿಕೊಳ್ಳುವವರಿಗೆ ಇಷ್ಟು, ಆಸನ ತೋರಿಸುವ ಹೆಂಗಸಿಗೆ ಇಷ್ಟು, ಪಾತ್ರವರ್ಗದ ವಿವರವಿರುವ ಪುಸ್ತಿಕೆಗೆ ಇಷ್ಟು. ಆಟ ಮುಗಿದು ಹೊರಬರುವ ವೇಳೆಗೆ ಉಪನಗರದ ವಿದ್ಯಾರ್ಥಿ ಕೊನೆಯ ರೈಲಿಗಾಗಿ ಓಡಬೇಕಾಗಿತ್ತು.

ಹುಡುಗರ ಅಭಿರುಚಿ ಕೆಟ್ಟಿದೆ ಎಂದು ಹಲವರು ದೂರುತ್ತಿದ್ದ ಆ ದಿನಗಳಲ್ಲಿ ಒಬ್ಬ ನಟ ಮಾತ್ರ ಹುಡುಗರನ್ನು ಬಿಟ್ಟು ಬಾಗಿಲನ್ನು ಪರೀಕ್ಷಿಸಿದರು. ಬಾಗಿಲಿನ ಎತ್ತರ, ಅದರ ದರ, ಅದು ತೆರೆಯುವ ವೇಳೆ, ಅಲ್ಲಿ ನಿಂತವರ ಮುಖಭಾವ, ಇವೆಲ್ಲವನ್ನೂ ಬದಲಿಸಿ ಹನ್ನೆರಡು ವರ್ಷಗಳಲ್ಲಿ 50 ಲಕ್ಷಕ್ಕೂ ಮಿಕ್ಕಿ ಪ್ರೇಕ್ಷಕರನ್ನು ಒಳಗೆ ಕರೆತಂದರು. ಕೊನೆಗೆ ಆ ಬಾಗಿಲಿನ ಮುಂದೆಯೇ, ತಾವು ಕರೆದ ಪ್ರಾಯದವರಿಂದಲೇ ನಿಂದನೆಗೂ ಗುರಿಯಾದರು. ಅವರೇ ಝಾಂ ವಿಲಾರ್.

ದಕ್ಷಿಣ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯಲ್ಲಿ ಸೆತ್ ಎಂಬ ಬಂದರು ಪಟ್ಟಣವಿದೆ. ಕವಿ ಪಾಲ್ ವಲೇರಿ ಹುಟ್ಟಿದ ಊರು ಅದು. ಗಾಯಕ ಜಾರ್ಜ್ ಬ್ರಾಸೆನ್ಸ್ ಕೂಡ ಅಲ್ಲಿಯವರೇ. ಅಲ್ಲಿ ಗುಂಡಿ, ನೂಲು, ರಿಬ್ಬನ್ನುಗಳನ್ನು ಮಾರುವ ಚಿಕ್ಕ ಅಂಗಡಿಯೊಂದರ ಮನೆಯಲ್ಲಿ 1912ರ ಮಾರ್ಚ್ 25ರಂದು ವಿಲಾರ್ ಜನಿಸಿದರು. ತಂದೆ ವ್ಯಾಪಾರಿಯಾದರೂ ಓದಿನ ಹುಚ್ಚಿನವರು. ಹುಡುಗನಿಗೆ ಪುಸ್ತಕಗಳ ಜೊತೆಗೆ ಪಿಟೀಲಿನ ಪರಿಚಯವೂ ಬಾಲ್ಯದಲ್ಲಿಯೇ ಆಯಿತು. ಚಿಲ್ಲರೆ ಅಂಗಡಿಯ ಮಗನೆಂಬ ಅರಿವು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಗಿರಾಕಿಯನ್ನು ಗೌರವದಿಂದ ಕಾಣಬೇಕು, ತೂಕದಲ್ಲಿ ಮೋಸ ಮಾಡಬಾರದು ಎಂಬ ಅಂಗಡಿಯ ನೀತಿಯನ್ನೇ ಅವರು ಮುಂದೆ ರಂಗಮಂದಿರಕ್ಕೆ ತಂದರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇಪ್ಪತ್ತನೆಯ ವಯಸ್ಸಿನಲ್ಲಿ, 1932ರಲ್ಲಿ, ಸಾಹಿತ್ಯ ವ್ಯಾಸಂಗಕ್ಕೆಂದು ಪ್ಯಾರಿಸ್ಸಿಗೆ ಬಂದರು. ಹೊಟ್ಟೆಪಾಡಿಗೆ ಸೇಂಟ್ ಬಾರ್ಬ್ ಶಾಲೆಯಲ್ಲಿ ಮಕ್ಕಳ ಮೇಲ್ವಿಚಾರಕನ ಕೆಲಸ. ಒಂದು ದಿನ ಅತೆಲಿಯೆ ರಂಗಮಂದಿರದಲ್ಲಿ ಶಾರ್ಲ್ ದ್ಯುಲಾಂ ಅವರು ಶೇಕ್ಸ್‌ಪಿಯರನ 'ಮೂರನೆಯ ರಿಚರ್ಡ್' ನಾಟಕದ ತಾಲೀಮು ನಡೆಸುತ್ತಿದ್ದುದನ್ನು ನೋಡುವ ಅವಕಾಶ ಒದಗಿತು. ಆ ತಾಲೀಮು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ದ್ಯುಲಾಂ ಅವರ ಶಿಷ್ಯರಾಗಿ ಸೇರಿ ನಟನೆ ಕಲಿತರು, ರಂಗದ ಹಿಂದಿನ ಮೇಲುಸ್ತುವಾರಿಯನ್ನೂ ಮಾಡಿದರು. ಗುರುಗಳು ಜನಸಾಮಾನ್ಯರ ರಂಗಭೂಮಿಯ ಕನಸಿನೊಂದಿಗೆ ಬೆಳೆದವರು. ಅದಕ್ಕೆ ಮುನ್ನ 1920ರಲ್ಲಿಯೇ ಫಿರ್ಮಾಂ ಜೆಮಿಯೆ ಎಂಬ ನಟರು 'ರಾಷ್ಟ್ರೀಯ ಜನತಾ ರಂಗಮಂದಿರ' ಎಂಬ ಅರ್ಥದ ಹೆಸರಿನಲ್ಲಿ ಸಂಸ್ಥೆಯೊಂದನ್ನು ತೆರೆದಿದ್ದರು. ಹಣವಿಲ್ಲದೆ ಆ ಹೆಸರು ಕ್ರಮೇಣ ಬಡವಾಗಿತ್ತು.

ವಿಲಾರ್ ಅವರ ನಿಜವಾದ ಶಾಲೆ ಯುದ್ಧಕಾಲದಲ್ಲಿ ಆರಂಭವಾಯಿತು. ಜರ್ಮನ್ ಸೇನೆ ಫ್ರಾನ್ಸನ್ನು ಆಕ್ರಮಿಸಿದ್ದ ದಿನಗಳಲ್ಲಿ ಅವರು 'ರೂಲೊತ್' ಎಂಬ ಸಂಚಾರಿ ತಂಡವನ್ನು ಸೇರಿದರು. ಹೆಸರಿನ ಅರ್ಥವೇ ಅಲೆಮಾರಿಗಳ ಗಾಡಿ. ಹಳ್ಳಿಯಿಂದ ಹಳ್ಳಿಗೆ ಹೋಗಿ ಸಿಕ್ಕ ಜಾಗದಲ್ಲಿ ಆಟ ಆಡುವುದು ಆ ತಂಡದ ಕೆಲಸ. ಅದುವರೆಗೆ ನಾಟಕವನ್ನೇ ನೋಡದ ಜನ ಮೊಲಿಯೇರನ ಮಾತಿಗೆ ನಗುವುದನ್ನೂ, ದುರಂತದ ಘಳಿಗೆಯಲ್ಲಿ ಉಸಿರು ಬಿಗಿಹಿಡಿಯುವುದನ್ನೂ ಅವರು ಕಣ್ಣಾರೆ ಕಂಡರು. ಹಳೆಯ ಮಹಾನಾಟಕಗಳು ಓದಿದವರಿಗೆ ಮಾತ್ರ ಎಂಬ ನಂಬಿಕೆ ಅಲ್ಲಿಯೇ ಕಳಚಿಬಿತ್ತು.

1943ರಲ್ಲಿ ಸ್ವಂತ ತಂಡ ಕಟ್ಟಿ ಪ್ಯಾರಿಸ್ಸಿನ ಚಿಕ್ಕ ಚಿಕ್ಕ ರಂಗಮಂದಿರಗಳಲ್ಲಿ ಸ್ಟ್ರಿಂಡ್‌ಬರ್ಗನ ನಾಟಕಗಳನ್ನು ಆಡಿದರು. 1945ರಲ್ಲಿ ಟಿ. ಎಸ್. ಎಲಿಯಟ್ ಅವರ 'ಮರ್ಡರ್ ಇನ್ ದಿ ಕೆಥೀಡ್ರಲ್' ನಾಟಕ ದೊಡ್ಡ ಹೆಸರು ತಂದಿತು. ಆ ಹೆಸರೇ ಅವರನ್ನು ಆವಿನ್ಯಾನ್ ನಗರಕ್ಕೆ ಕರೆದೊಯ್ದಿತು.

ಆವಿನ್ಯಾನ್ ಹದಿನಾಲ್ಕನೆಯ ಶತಮಾನದಲ್ಲಿ ಪೋಪರು ನೆಲೆಸಿದ್ದ ನಗರ. ಅವರು ಕಟ್ಟಿಸಿದ ಕೋಟೆಯಂಥ ಅರಮನೆ ಇಂದಿಗೂ ನಿಂತಿದೆ. 1947ರಲ್ಲಿ ಕಲಾವಿಮರ್ಶಕ ಕ್ರಿಸ್ತಿಯಾನ್ ಜೆರ್ವೋಸ್, ಕವಿ ರೆನೆ ಶಾರ್ ಅವರ ನೆರವಿನೊಂದಿಗೆ ಆ ಅರಮನೆಯಲ್ಲಿ ಆಧುನಿಕ ಚಿತ್ರಕಲೆಯ ಪ್ರದರ್ಶನ ಏರ್ಪಡಿಸಿದ್ದರು. ಅದರ ಜೊತೆಗೆ ಎಲಿಯಟ್ಟರ ನಾಟಕವನ್ನು ಆಡಿಸಬೇಕೆಂದು ಅವರ ಅಪೇಕ್ಷೆ. ವಿಲಾರ್ ಮೊದಲು ಒಪ್ಪಲಿಲ್ಲ. ಅರಮನೆಯ ಅಂಗಳ ಬಹಳ ದೊಡ್ಡದು, ನಾಟಕಕ್ಕೆಂದು ಕಟ್ಟಿದ ಜಾಗವೂ ಅಲ್ಲ ಎಂಬುದು ಅವರ ಆಕ್ಷೇಪ. ಆಮೇಲೆ ಮನಸ್ಸು ಬದಲಿಸಿ ಒಂದರ ಬದಲು ಮೂರು ಹೊಸ ಪ್ರಯೋಗಗಳನ್ನು ಮಾಡುವುದಾಗಿ ತಿಳಿಸಿದರು. ಫ್ರಾನ್ಸಿನಲ್ಲಿ ಅಷ್ಟಾಗಿ ಯಾರಿಗೂ ಪರಿಚಯವಿಲ್ಲದಿದ್ದ ಶೇಕ್ಸ್‌ಪಿಯರನ 'ಎರಡನೆಯ ರಿಚರ್ಡ್', ಕ್ಲೊದೆಲ್ ಅವರ ಒಂದು ನಾಟಕ, ತರುಣ ಲೇಖಕ ಮೊರಿಸ್ ಕ್ಲಾವೆಲ್ ಅವರ ಇನ್ನೊಂದು.

ನಗರಸಭೆ ಬೆಂಬಲಕ್ಕೆ ನಿಂತಿತು. ಸೈನಿಕರ ತುಕಡಿಯೊಂದು ಬಂದು ಅಂಗಳದಲ್ಲಿ ಹಲಗೆಯ ವೇದಿಕೆ ಕಟ್ಟಿಕೊಟ್ಟಿತು. ಸೆಪ್ಟೆಂಬರ್ 4ರಿಂದ 10ರವರೆಗೆ ನಡೆದ ಆ ಕಲಾಸಪ್ತಾಹಕ್ಕೆ ಬಂದವರು ಸುಮಾರು 4,800 ಮಂದಿ. ಅವರಲ್ಲಿ ಹಣ ಕೊಟ್ಟವರು 2,900. ಲೆಕ್ಕಪತ್ರದ ದೃಷ್ಟಿಯಿಂದ ಅದು ಹೆಮ್ಮೆಪಡುವಂಥದೇನಲ್ಲ. ಆದರೆ ತೆರೆದ ಆಕಾಶ, ಎತ್ತರದ ಕಲ್ಲಿನ ಗೋಡೆ, ಬೀಸುವ ಗಾಳಿ, ಬರಿಯ ಬೆಳಕು ಮತ್ತು ನಟನ ದೇಹ ಇಷ್ಟರಿಂದಲೇ ನಾಟಕ ಕಟ್ಟಬಹುದೆಂಬುದು ಅಲ್ಲಿ ಸಿದ್ಧವಾಯಿತು. ಪರದೆಯಿಲ್ಲ, ಬಣ್ಣದ ಸೀನರಿಗಳಿಲ್ಲ. ಬಯಲಾಟವನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಬೆರಗಾಗುವಂಥದು ಕಡಿಮೆ. ಪ್ಯಾರಿಸ್ಸಿನವರಿಗೆ ಅದೊಂದು ಹೊಸ ಲೋಕ. ಆ ಮೊದಲ ವರ್ಷದ ನಟವರ್ಗದಲ್ಲಿ ಹತ್ತೊಂಬತ್ತು ವರ್ಷದ ತರುಣಿಯೊಬ್ಬಳಿದ್ದಳು. ಆಕೆಯೇ ಮುಂದೆ ಚಲನಚಿತ್ರಗಳಿಂದ ಜಗತ್ಪ್ರಸಿದ್ಧರಾದ ಝಾನ್ ಮೊರೊ.

ಮರುವರ್ಷದಿಂದ ಉತ್ಸವ ಜುಲೈ ತಿಂಗಳಿಗೆ ಬದಲಾಯಿತು. ಬೇಸಿಗೆ ರಜೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ವಿದ್ಯಾರ್ಥಿಗಳು ಬರತೊಡಗಿದರು. ಅವರ ಸಂಖ್ಯೆಯನ್ನು ಇದ್ದಕ್ಕಿದ್ದಂತೆ ಏರಿಸಿದ್ದು 1951ರ ಘಟನೆ.

ಜೆರಾರ್ ಫಿಲಿಪ್ ಆಗ ಫ್ರೆಂಚ್ ಚಿತ್ರರಂಗದ ಕಣ್ಮಣಿ. ಹಿಂದೊಮ್ಮೆ ವಿಲಾರ್ ಅವರು 'ಲ ಸಿದ್' ನಾಟಕದ ನಾಯಕನ ಪಾತ್ರಕ್ಕೆ ಕರೆದಾಗ, ದುರಂತ ನಾಟಕಗಳು ತಮಗೆ ಒಗ್ಗವೆಂದು ನಿರಾಕರಿಸಿದ್ದ ಅದೇ ನಟ ತಾವಾಗಿ ಬಂದು ತಂಡ ಸೇರಲು ಇಚ್ಛೆಪಟ್ಟರು. ವಯಸ್ಸು ಇಪ್ಪತ್ತೆಂಟು. ಆ ಜುಲೈನಲ್ಲಿ ಆವಿನ್ಯಾನಿನಲ್ಲಿ ಕಾರ್ನೇಯನ 'ಲ ಸಿದ್' ಮತ್ತು ಕ್ಲೈಸ್ಟನ 'ಹೊಂಬುರ್ಗಿನ ರಾಜಕುಮಾರ' ಎರಡರಲ್ಲೂ ಅವರೇ ನಾಯಕ. ತಾಲೀಮಿನ ವೇಳೆ ಬಿದ್ದು ಮೊಣಕಾಲಿಗೆ ಪೆಟ್ಟಾಗಿ, 'ಲ ಸಿದ್' ನಾಟಕದ ಮೊದಲ ಪ್ರದರ್ಶನದಲ್ಲಿ ಅವರು ಕುಳಿತುಕೊಂಡೇ ಅಭಿನಯಿಸಬೇಕಾಯಿತು. ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬೇಸರ ಹುಟ್ಟಿಸಿದ್ದ ಹಳೆಯ ಪದ್ಯನಾಟಕವು ತಮ್ಮ ವಯಸ್ಸಿನವನ ಬಾಯಲ್ಲಿ ಜೀವ ತಳೆದದ್ದನ್ನು ಕಂಡು ವಿದ್ಯಾರ್ಥಿಗಳು ಮರುಳಾದರು. ಚಿತ್ರನಟನೊಬ್ಬನನ್ನು ಕರೆಸಿ ಜನ ಸೇರಿಸುವ ಉಪಾಯ ಹೊಸದೇನಲ್ಲ. ವಿಲಾರ್ ಅವರ ತಂಡದಲ್ಲಿ ವಿಶೇಷವಾದುದು, ಆ ತಾರೆಗೆ ತಾರಾಪಟ್ಟ ಇಲ್ಲದಿದ್ದುದು. ನಟರ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಅಚ್ಚಾಗುತ್ತಿದ್ದವು. ಫಿಲಿಪ್ ಪಡೆಯುತ್ತಿದ್ದ ಸಂಬಳ ಚಿತ್ರರಂಗದ ಗಳಿಕೆಯ ಮುಂದೆ ತೀರ ಅಲ್ಪ. ಇವತ್ತು ನಾಯಕ, ನಾಳೆ ಚಿಕ್ಕ ಪಾತ್ರ.

ಅದೇ ವರ್ಷ ಶಿಕ್ಷಣ ಸಚಿವಾಲಯದಲ್ಲಿ ರಂಗಭೂಮಿಯ ಹೊಣೆ ಹೊತ್ತಿದ್ದ ಅಧಿಕಾರಿ ಝಾನ್ ಲೊರಾಂ ಎಂಬ ದಿಟ್ಟ ಮಹಿಳೆ, ಪ್ಯಾರಿಸ್ಸಿನ ಶಾಯೋ ಅರಮನೆಯ ರಂಗಮಂದಿರವನ್ನು ವಿಲಾರ್ ಅವರಿಗೆ ವಹಿಸಿದರು. ವಿಲಾರ್ ಮಾಡಿದ ಮೊದಲ ಕೆಲಸ, ಜೆಮಿಯೆ ಇಟ್ಟಿದ್ದ ಹಳೆಯ ಹೆಸರನ್ನು ಮರಳಿ ತಂದದ್ದು. ಫ್ರೆಂಚ್ ಭಾಷೆಯ ಮೊದಲಕ್ಷರಗಳಿಂದ ಅದು ಟಿ.ಎನ್.ಪಿ. ಎಂದೇ ಮನೆಮಾತಾಯಿತು. ಕರಾರು ಮಾತ್ರ ಕಠಿಣವಾಗಿತ್ತು. ಸರ್ಕಾರದ ಅನುದಾನ ಬರುತ್ತಿದ್ದರೂ ನಷ್ಟವಾದರೆ ನಿರ್ದೇಶಕನೇ ಸ್ವಂತವಾಗಿ ಹೊಣೆ. ವಿಲಾರ್ ಹನ್ನೆರಡು ವರ್ಷ ಆ ಕತ್ತಿಯ ಕೆಳಗೇ ಕೆಲಸ ಮಾಡಿದರು. ಲೊರಾಂ ಅವರನ್ನು ಮರುವರ್ಷವೇ ಆ ಹುದ್ದೆಯಿಂದ ತೆಗೆಯಲಾಯಿತೆಂಬುದನ್ನು ನೆನೆದರೆ, ಈ ಸಾಹಸಕ್ಕೆ ಆಡಳಿತದಲ್ಲಿ ಎಷ್ಟು ಮಿತ್ರರಿದ್ದರೆಂಬುದು ತಿಳಿದೀತು.

ಅಧಿಕಾರ ವಹಿಸಿಕೊಂಡಾಗ ಕೈಯಲ್ಲಿ ಕಟ್ಟಡವೇ ಇರಲಿಲ್ಲ. ವಿಶ್ವಸಂಸ್ಥೆಯ ಮಹಾಧಿವೇಶನ ಶಾಯೋ ಅರಮನೆಯಲ್ಲಿ ನಡೆಯುತ್ತಿತ್ತು. 1948ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ್ದೂ ಇದೇ ಅರಮನೆಯಲ್ಲಿ. ಕಟ್ಟಡ ಇಲ್ಲದಿದ್ದರೇನು, ಪ್ರೇಕ್ಷಕ ಇರುವ ಕಡೆಗೇ ಹೋಗೋಣವೆಂದು 1951ರ ನವೆಂಬರಿನಲ್ಲಿ ತಂಡ ಕಾರ್ಮಿಕರ ಉಪನಗರವಾದ ಸ್ಯುರೆನ್‌ಗೆ ಹೊರಟಿತು. ಅಲ್ಲಿ ನಡೆದದ್ದು ಬರಿಯ ನಾಟಕ ಪ್ರದರ್ಶನವಲ್ಲ, ವಾರಾಂತ್ಯದ ಜಾತ್ರೆ. ಒಂದು ದಿನ 'ಲ ಸಿದ್', ಮತ್ತೊಂದು ದಿನ ಬ್ರೆಕ್ಟನ 'ಮದರ್ ಕರೇಜ್'. ನಡುವೆ ಸಂಗೀತ ಕಚೇರಿ, ನಟರ ಜೊತೆ ಸಂವಾದ, ಒಟ್ಟಿಗೆ ಊಟ, ಕೊನೆಗೆ ನರ್ತನ. ಎಲ್ಲಕ್ಕೂ ಸೇರಿ ಕೈಗೆಟಕುವ ಒಂದೇ ದರ. ಫಿಲಿಪ್ ಅವರ ಜೊತೆ ಕುಣಿಯುವ ಆಸೆಯಿಂದ ಬಂದ ತರುಣಿಯರೂ ಬ್ರೆಕ್ಟನ ನಾಟಕವನ್ನು ನೋಡಿಯೇ ಹೋದರು. ಜರ್ಮನ್ ಕಮ್ಯುನಿಸ್ಟ್ ಲೇಖಕನಿಗೆ ಸರ್ಕಾರದ ಹಣವೇ ಎಂದು ಬಲಪಂಥೀಯ ವಲಯಗಳಲ್ಲಿ ಗದ್ದಲವಾಯಿತು. ವಿಲಾರ್ ಹಿಂಜರಿಯಲಿಲ್ಲ.

ಶಾಯೋ ಸಭಾಂಗಣ ಕೈಗೆ ಬಂದಾಗ ಮತ್ತೊಂದು ಕಷ್ಟ ಎದುರಾಯಿತು. 1937ರ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಅದು 2,700ಕ್ಕೂ ಹೆಚ್ಚು ಆಸನಗಳ ದೈತ್ಯ. ಅದನ್ನು ದಿನವೂ ತುಂಬಿಸಬೇಕಾದರೆ ಪ್ಯಾರಿಸ್ಸಿನ ಮಾಮೂಲಿ ರಸಿಕರು ಸಾಲರು. ವಿಲಾರ್ ಮತ್ತು ಅವರ ಆಡಳಿತಾಧಿಕಾರಿ ಝಾಂ ರೂವೆ ಕೂಡಿ ಕೈಗೊಂಡ ಕ್ರಮಗಳನ್ನು ಕೊಂಚ ವಿವರವಾಗಿ ನೋಡಬೇಕು. ಒಂದೊಂದೂ ಸಣ್ಣದು, ಮನೆಯ ಯಜಮಾನಿಗೆ ತೋಚುವಂಥದು. ಆದರೆ ಯಾವ ರಂಗಮಂದಿರವೂ ಅವನ್ನೆಲ್ಲ ಒಟ್ಟಿಗೆ ಮಾಡಿರಲಿಲ್ಲ.

ಆಟದ ವೇಳೆಯನ್ನು ರಾತ್ರಿ ಎಂಟು ಗಂಟೆಗೆ ಹಿಂದೂಡಿದರು. ಕೆಲಸದಿಂದ, ಕಾಲೇಜಿನಿಂದ ನೇರವಾಗಿ ಬರುವವರಿಗಾಗಿ ಸಂಜೆ ಆರೂವರೆಯ ಸುಮಾರಿಗೇ ಬಾಗಿಲು ತೆರೆಯುತ್ತಿತ್ತು. ಒಳಗೆ ಸಂಗೀತ, ಅಗ್ಗದ ತಿಂಡಿ. ಮನೆಗೆ ಹೋಗಿ ಉಂಡು ಉಡುಪು ಬದಲಿಸಿ ಬರಬೇಕಾದ ತೊಂದರೆ ತಪ್ಪಿತು. ಭಕ್ಷೀಸು ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದರು. ಕೋಟು ಇಡಲು ಹಣ ಬೇಡ, ಕಾರ್ಯಕ್ರಮದ ಪುಸ್ತಿಕೆಗೂ ಬೇಡ. ಮೇಲಾಗಿ ನಾಟಕದ ಪೂರ್ತಿ ಪಠ್ಯವನ್ನು ಚಿತ್ರಸಹಿತ ಅಚ್ಚು ಹಾಕಿಸಿ ಅಗ್ಗದ ಬೆಲೆಗೆ ಮಾರಿದರು. ಎಷ್ಟೋ ವಿದ್ಯಾರ್ಥಿಗಳ ಪುಸ್ತಕದ ಕಪಾಟು ಆ ತೆಳುವಾದ ಪ್ರತಿಗಳಿಂದಲೇ ಶುರುವಾಯಿತು. ಆಟ ಆರಂಭವಾದ ಮೇಲೆ ಬಂದವರು, ಅವರು ಯಾರೇ ಆಗಿರಲಿ, ಹೊರಗೇ ಕಾಯಬೇಕು. ದೊಡ್ಡವರಿಗೆ ತಡವಾಗಿ ಬರುವುದೇ ಒಂದು ಭೂಷಣವಾಗಿದ್ದ ನಗರದಲ್ಲಿ ಈ ನಿಯಮ ಸಾಕಷ್ಟು ಮುನಿಸನ್ನು ಗಳಿಸಿತು.

ಇನ್ನೊಂದು ಕ್ರಮ ನನಗೆ ಎಲ್ಲಕ್ಕಿಂತ ದಿಟ್ಟವೆನಿಸುತ್ತದೆ. ಹೊಸ ನಾಟಕದ ಮೊದಲ ಪ್ರದರ್ಶನಗಳಿಗೆ ವಿಮರ್ಶಕರನ್ನೂ ಗಣ್ಯರನ್ನೂ ಕರೆಯುವುದು ಪ್ಯಾರಿಸ್ಸಿನ ಪದ್ಧತಿ. ವಿಲಾರ್ ಅದನ್ನು ತಲೆಕೆಳಗು ಮಾಡಿದರು. ಕಾರ್ಖಾನೆಯ ಸಮಿತಿಗಳು, ವಿದ್ಯಾರ್ಥಿ ಸಂಘಗಳು, ಯುವಕ ಮಂಡಲಿಗಳು, ಶಿಕ್ಷಕರ ಸಂಘಟನೆಗಳ ಸದಸ್ಯರಿಗೆ ಮೊದಲ ರಾತ್ರಿಗಳು ಮೀಸಲು. ಪತ್ರಿಕೆಯವರ ಸರದಿ ಆಮೇಲೆ. ವಿಮರ್ಶಕನ ಲೇಖನ ಅಚ್ಚಾಗುವ ವೇಳೆಗೆ ಸಾವಿರಾರು ಸಾಮಾನ್ಯರು ತಮ್ಮ ತೀರ್ಪನ್ನು ತಾವೇ ಕೊಟ್ಟಾಗಿರುತ್ತಿತ್ತು. ಹಿಂತಿರುಗುವ ಮುನ್ನ ಪ್ರಶ್ನಾವಳಿಯನ್ನು ತುಂಬಿಕೊಡುವಂತೆ ಕೋರಲಾಗುತ್ತಿತ್ತು. ಟಿಕೆಟು ಕೊಳ್ಳಲು ಯಾರೂ ನಗರದ ನಡುವಿನ ಗಲ್ಲಾಪೆಟ್ಟಿಗೆಯವರೆಗೆ ಬರಬೇಕಾಗಿರಲಿಲ್ಲ. ಸಂಘದ ಪ್ರತಿನಿಧಿಯೇ ತನ್ನ ಕಾಲೇಜಿನಲ್ಲಿ, ಕಚೇರಿಯಲ್ಲಿ ರಿಯಾಯಿತಿ ದರದಲ್ಲಿ ಹಂಚುತ್ತಿದ್ದ. ಒಬ್ಬನೇ ಹೋಗಲು ಅಳುಕುವ ಹುಡುಗ ಗೆಳೆಯರ ಗುಂಪಿನಲ್ಲಿ ಧೈರ್ಯವಾಗಿ ಹೊರಡುತ್ತಾನೆಂಬ ಸರಳ ಸತ್ಯವನ್ನು ಈ ವ್ಯವಸ್ಥೆ ಬಲ್ಲದ್ದಾಗಿತ್ತು.

ಕಣ್ಣಿಗೆ ಕಾಣುವುದರಲ್ಲಿಯೂ ಹೊಸತನವಿತ್ತು. ಮಾರ್ಸೆಲ್ ಜಾಕ್ನೊ ರೂಪಿಸಿದ, ಡಬ್ಬಿಗಳ ಮೇಲೆ ಅಚ್ಚೊತ್ತಿದಂತಿರುವ ದಪ್ಪ ಅಕ್ಷರಗಳ ಭಿತ್ತಿಪತ್ರಗಳನ್ನು ಮೆಟ್ರೊ ನಿಲ್ದಾಣದ ಪ್ರಯಾಣಿಕ ದೂರದಿಂದಲೇ ಗುರುತಿಸಬಲ್ಲವನಾಗಿದ್ದ. ಆಟ ಆರಂಭವಾಗುವುದನ್ನು ಸಾರಲು ತರುಣ ಸಂಗೀತಗಾರ ಮೊರಿಸ್ ಜಾರ್ ರಚಿಸಿದ ತುತ್ತೂರಿಗಳ ನಾದ. ಇದೇ ಜಾರ್ ಮುಂದೆ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದರು. ಬೆಂಗಳೂರು ಮತ್ತು ಸಾವನದುರ್ಗದ ಸುತ್ತಮುತ್ತ ಚಿತ್ರೀಕರಣಗೊಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಸಂಗೀತವೂ ಅವರದೇ, ಅದಕ್ಕೂ ಆಸ್ಕರ್ ಬಂತು.

ಇಷ್ಟೆಲ್ಲ ಮಾಡಿ ವಿಲಾರ್ ಆಡಿಸಿದ್ದು ಹಗುರವಾದ ಪ್ರಹಸನಗಳನ್ನಲ್ಲ ಎಂಬುದು ಗಮನಾರ್ಹ. ಕಾರ್ನೇಯ್, ಮೊಲಿಯೇರ್, ಶೇಕ್ಸ್‌ಪಿಯರ್, ಕ್ಲೈಸ್ಟ್, ಹ್ಯೂಗೊ, ಮ್ಯುಸೆ. ಮೊಲಿಯೇರನ 'ದೊಂ ಜುವಾನ್' ನಾಟಕವನ್ನು ಅವರು 1953ರಲ್ಲಿ ಆಡಿ ಅದಕ್ಕೆ ಹೊಸ ಜನಪ್ರಿಯತೆ ತಂದರು. ಹುಡುಗರಿಗೆಂದು ಮಟ್ಟ ಇಳಿಸುವುದು ಅವರ ದೃಷ್ಟಿಯಲ್ಲಿ ಹುಡುಗರಿಗೆ ಮಾಡುವ ಅವಮಾನ. ನೀರು, ಅನಿಲ, ವಿದ್ಯುತ್ತಿನಂತೆ ರಂಗಭೂಮಿಯೂ ಒಂದು ಸಾರ್ವಜನಿಕ ಸೇವೆ ಎಂದು ಅವರು ಸಾರಿದ್ದು ಪ್ರಸಿದ್ಧವಾಗಿದೆ. ನಲ್ಲಿಯಲ್ಲಿ ಬರುವ ನೀರು ಬಡಾವಣೆಗೊಂದು ಬಗೆಯದಾಗಿರಬಾರದಲ್ಲ.

ಆಕ್ಷೇಪಗಳು ಇಲ್ಲದೆ ಇರಲಿಲ್ಲ. ಬಲದವರು ಕೆಂಪು ಬಣ್ಣ ಹಚ್ಚಿದರೆ ಎಡದವರು ಅದು ಸಾಲದೆಂದರು. ಸಾಹಿತ್ಯ ವಿಮರ್ಶಕ ರೊಲಾಂ ಬಾರ್ತ್ ಆರಂಭದಲ್ಲಿ ವಿಲಾರ್ ಅವರ ರಂಗಕ್ರಮವನ್ನು ಮನಸಾರೆ ಮೆಚ್ಚಿ ಬರೆದವರು. ಅವರ ಬಳಗದ ಪತ್ರಿಕೆ ಬ್ರೆಕ್ಟನ ಕಡೆಗೆ ವಾಲಿದಂತೆಲ್ಲ ಟಿ.ಎನ್.ಪಿ. ಅವರಿಗೆ ಹಳೆಯದಾಗಿ ಕಂಡಿತು. 1955ರಲ್ಲಿ ಸಾರ್ತ್ರ್ ಇನ್ನೂ ಖಾರವಾಗಿ ಟೀಕಿಸಿದರು. ಜನತೆಯ ಹೆಸರಿಟ್ಟುಕೊಂಡ ಈ ರಂಗಮಂದಿರಕ್ಕೆ ಬರುವವರಲ್ಲಿ ಕಾರ್ಮಿಕರು ಎಲ್ಲಿ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಆಸನಗಳಲ್ಲಿ ಕುಳಿತವರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಗುಮಾಸ್ತರು, ಕಚೇರಿಯ ನೌಕರರೇ ಬಹಳ. ಕಾರ್ಖಾನೆಯ ಕೈಗಳು ಕಡಿಮೆ. ವಿಲಾರ್ ಇದನ್ನು ಮುಚ್ಚಿಡಲಿಲ್ಲ. ಆದರೆ ಅಂಚೆ ಕಚೇರಿಯ ಗುಮಾಸ್ತನೂ ಟೈಪಿಸ್ಟ್ ಹುಡುಗಿಯೂ ಚಿಲ್ಲರೆ ಅಂಗಡಿಯವನೂ ಜನರಲ್ಲವೇ ಎಂದು ತಿರುಗಿ ಕೇಳಿದರು. ಸಮಾಜವೇ ಒಡೆದಿರುವಾಗ ರಂಗಮಂದಿರವೊಂದೇ ಅದನ್ನು ಬೆಸೆಯಲಾರದು ಎಂಬ ಅರಿವೂ ಅವರಿಗಿತ್ತು. ಬಾಗಿಲಿನ ದರ ಇಳಿಸಬಹುದು, ವೇಳೆ ಬದಲಿಸಬಹುದು. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಯಂತ್ರದ ಮುಂದೆ ನಿಂತವನಿಗೆ ಆ ಕಟ್ಟಡ ತನ್ನದೆಂದು ಅನ್ನಿಸುವಂತೆ ಮಾಡುವುದು ಬೇರೆಯೇ ಮಾತು. ಈ ಗಂಟನ್ನು ಅವರು ಬಿಚ್ಚಲಾಗಲಿಲ್ಲ. ಇಂದಿನವರೆಗೆ ಬೇರೆಯವರಾದರೂ ಬಿಚ್ಚಿದ್ದಾರೆಂದು ಹೇಳಲು ಧೈರ್ಯ ಸಾಲದು.

1959ರ ನವೆಂಬರ್ 25ರಂದು ಜೆರಾರ್ ಫಿಲಿಪ್ ಕ್ಯಾನ್ಸರಿನಿಂದ ತೀರಿಕೊಂಡರು. ಮೂವತ್ತೇಳು ತುಂಬಲು ಕೆಲವು ದಿನಗಳಿದ್ದವು. 'ಲ ಸಿದ್' ನಾಟಕದ ವೇಷದಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು. ಪ್ಯಾರಿಸ್ಸಿನ ಒಂದು ತಲೆಮಾರು ತಮ್ಮ ಯೌವನವೇ ಮುಗಿಯಿತೆಂಬಂತೆ ಅತ್ತಿತು. ವಿಲಾರ್ ಪಾಲಿಗೆ ಅದು ಮಗನಂಥ ಸಹೋದ್ಯೋಗಿಯ ಅಗಲಿಕೆ. ಅದೇ ವರ್ಷ ಹೊಸ ಲೇಖಕರ ನಾಟಕಗಳಿಗೆಂದು ರೆಕಾಮಿಯೆ ಎಂಬ ಚಿಕ್ಕ ರಂಗಮಂದಿರವನ್ನೂ ವಹಿಸಿಕೊಂಡಿದ್ದರು. ಅದು ಕೈ ಹಿಡಿಯಲಿಲ್ಲ, 1961ರಲ್ಲಿ ಬಿಟ್ಟುಕೊಡಬೇಕಾಯಿತು.

ಫ್ರಾನ್ಸ್ ಆಗ ಅಲ್ಜೀರಿಯಾದ ಯುದ್ಧದಲ್ಲಿ ಸಿಲುಕಿತ್ತು. ಟಿ.ಎನ್.ಪಿ.ಯ ಆಸನಗಳಲ್ಲಿ ಕೂರುತ್ತಿದ್ದ ವಯಸ್ಸಿನ ಹುಡುಗರನ್ನೇ ಸೇನೆಗೆ ಸೇರಿಸಿ ಅಲ್ಲಿಗೆ ಕಳುಹಿಸಲಾಗುತ್ತಿತ್ತು. ವಿಲಾರ್ ಬ್ರೆಕ್ಟನ 'ಆರ್ತುರೊ ಉಯಿ', ಅರಿಸ್ಟೊಫೇನನ 'ಶಾಂತಿ', ಕಾಲ್ದೆರೋನನ 'ಜಲಮೆಯಾದ ಮೇಯರ್' ನಾಟಕಗಳನ್ನು 1960 ಮತ್ತು 1961ರಲ್ಲಿ ಒಂದರ ಹಿಂದೆ ಒಂದರಂತೆ ಆಡಿಸಿದರು. ಒಂದರಲ್ಲಿ ಸರ್ವಾಧಿಕಾರಿಯ ಏಳಿಗೆ, ಇನ್ನೊಂದರಲ್ಲಿ ಯುದ್ಧದಿಂದ ಬೇಸತ್ತ ರೈತ, ಮತ್ತೊಂದರಲ್ಲಿ ಸೈನಿಕರ ದೌರ್ಜನ್ಯಕ್ಕೆ ಎದುರು ನಿಂತ ಗ್ರಾಮಾಧಿಕಾರಿ. ಸರ್ಕಾರದ ಅನುದಾನದಲ್ಲಿ ನಡೆಯುವ ರಂಗಮಂದಿರದಿಂದ ಬಂದ ಈ ಮಾತು ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿತು. ಹೆಚ್ಚಿನ ಅನುದಾನಕ್ಕಾಗಿ ಅವರು ಸಲ್ಲಿಸಿದ ಮನವಿಗಳಿಗೆ ತಕ್ಕ ಫಲ ಸಿಗಲಿಲ್ಲ. ಬಳಲಿದ ವಿಲಾರ್ 1963ರಲ್ಲಿ ಕರಾರು ನವೀಕರಿಸದೆ ಹೊರಬಂದರು. ತಂಡದ ನಟ ಜಾರ್ಜ್ ವಿಲ್ಸನ್ ಉತ್ತರಾಧಿಕಾರಿಯಾದರು.

ಆವಿನ್ಯಾನನ್ನು ಮಾತ್ರ ಅವರು ಬಿಡಲಿಲ್ಲ. ಅಲ್ಲಿ 1950ರ ದಶಕದಿಂದಲೇ ಯುವಶಿಕ್ಷಣದ ಸಂಘಟನೆಯೊಂದರ ಜೊತೆ ಸೇರಿ ಯುವಜನರ ಅಂತರರಾಷ್ಟ್ರೀಯ ಶಿಬಿರಗಳು ನಡೆಯುತ್ತಿದ್ದವು. ರಜೆಯಲ್ಲಿ ಖಾಲಿ ಬಿದ್ದ ಶಾಲೆಗಳೇ ವಸತಿಗೃಹ. ನಾನಾ ದೇಶಗಳಿಂದ ಬಂದ ತರುಣ ತರುಣಿಯರಿಗೆ ರಾತ್ರಿ ನಾಟಕ, ಬೆಳಗ್ಗೆ ನಟರ ಜೊತೆ ಚರ್ಚೆ. ನಿರ್ದೇಶಕರೇ ಹುಲ್ಲಿನ ಮೇಲೆ ಕುಳಿತು ಬೈಗುಳವನ್ನೂ ಕೇಳಿಸಿಕೊಳ್ಳುತ್ತಿದ್ದರು. 1966ರಿಂದ ಮೊರಿಸ್ ಬೆಜಾರ್ ಅವರ ನೃತ್ಯತಂಡ ಬಂತು, ಕಿರಿಯ ನಿರ್ದೇಶಕರು ಬಂದರು. ಉತ್ಸವ ಒಬ್ಬರ ಸೊತ್ತಾಗಬಾರದೆಂದು ವಿಲಾರ್ ತಾವೇ ನಾಟಕ ಮಾಡಿಸುವುದನ್ನು ಹಿಂದಿಟ್ಟರು. 1967ರಲ್ಲಿ ಅರಮನೆಯ ಅಂಗಳದಲ್ಲಿ ಗೊದಾರ್ ಅವರ 'ಲಾ ಶಿನ್ವಾಸ್' ಚಿತ್ರ ಪ್ರದರ್ಶನವಾಯಿತು. ಪ್ಯಾರಿಸ್ಸಿನ ಮನೆಯೊಂದರಲ್ಲಿ ಕುಳಿತು ಕ್ರಾಂತಿಯ ಮಾತಾಡುವ ಮಾವೊವಾದಿ ವಿದ್ಯಾರ್ಥಿಗಳ ಕಥೆ ಅದು. ಒಂದೇ ವರ್ಷದಲ್ಲಿ ಪರದೆಯ ಮೇಲಿನ ಹುಡುಗರು ಅಂಗಳಕ್ಕೇ ಇಳಿದು ಬಂದರು.

1968ರ ಮೇ ತಿಂಗಳಲ್ಲಿ ಫ್ರಾನ್ಸ್ ಹೊತ್ತಿ ಉರಿಯಿತು. ವಿದ್ಯಾರ್ಥಿಗಳ ದಂಗೆ, ಕಾರ್ಮಿಕರ ಮಹಾಮುಷ್ಕರ. ಆಗ ಒಪೆರಾ ರಂಗಮಂದಿರಗಳ ಸುಧಾರಣೆಗೆ ಯೋಜನೆ ತಯಾರಿಸುವ ಕೆಲಸ ವಿಲಾರ್ ಅವರ ಕೈಯಲ್ಲಿತ್ತು. ಮೇ 30ರಂದು ಜನರಲ್ ದಗಾಲ್ ಮಾಡಿದ ಭಾಷಣವನ್ನು ಒಪ್ಪಲಾರದೆ ಆ ಹೊಣೆಗೆ ರಾಜೀನಾಮೆ ಕೊಟ್ಟರು. ಆದರೂ ಜುಲೈ ಬಂದಾಗ ಉತ್ಸವವನ್ನು ನಿಲ್ಲಿಸಲಿಲ್ಲ. ಮುಷ್ಕರದಿಂದಾಗಿ ಫ್ರೆಂಚ್ ತಂಡಗಳ ನಾಟಕಗಳು ಸಿದ್ಧವಾಗಿರಲಿಲ್ಲ. ಉಳಿದದ್ದು ಬೆಜಾರ್ ಅವರ ನೃತ್ಯ, ಒಂದಿಷ್ಟು ಚಲನಚಿತ್ರ, ಮತ್ತು ಜೂಲಿಯನ್ ಬೆಕ್, ಜುಡಿತ್ ಮಲಿನಾ ದಂಪತಿಗಳ ಅಮೆರಿಕನ್ ತಂಡ 'ಲಿವಿಂಗ್ ಥಿಯೇಟರ್'.

ಜುಲೈ 18ರಂದು ನದಿಯಾಚೆಯ ವಿಲ್‌ನವ್ ಊರಿನಲ್ಲಿ ಸ್ಥಳೀಯ ತರುಣ ತಂಡವೊಂದರ ನಾಟಕವನ್ನು ಆ ಜಿಲ್ಲೆಯ ಅಧಿಕಾರಿ ನಿಷೇಧಿಸಿದರು. ಆ ನಾಟಕಕ್ಕೂ ಉತ್ಸವಕ್ಕೂ ಸಂಬಂಧವಿರಲಿಲ್ಲ. ಆದರೆ ಕಿಡಿ ಹತ್ತಲು ಅಷ್ಟೇ ಸಾಕಾಯಿತು. ಚೌಕದಲ್ಲಿ ಜನ ಜಮಾಯಿಸಿದರು, ಪೊಲೀಸರು ಬಂದರು. ಸರ್ಕಾರದ ಹಣದಲ್ಲಿ ನಡೆಯುವ ಈ ಉತ್ಸವವೇ ಸಂಸ್ಕೃತಿಯ ಸಂತೆ, ಮಧ್ಯಮವರ್ಗದ ಮಾಲು ಎಂದು ಯುವಕರು ಕೂಗಿದರು. ವಿಲಾರ್ ಅವರ ಹೆಸರನ್ನು ಪೋರ್ಚುಗಲ್ ದೇಶದ ಸರ್ವಾಧಿಕಾರಿ ಸಾಲಜಾರನ ಹೆಸರಿನ ಜೊತೆ ಪ್ರಾಸ ಕಟ್ಟಿ ಘೋಷಣೆ ಹಾಕಿದರು. ಟಿಕೆಟಿನ ಬೆಲೆ ಇಳಿಸಲೆಂದೇ ಬದುಕು ಸವೆಸಿದವರ ಮುಂದೆ, ಟಿಕೆಟೇ ಇರಬಾರದು, ಬಾಗಿಲೇ ಇರಬಾರದು ಎಂಬ ಬೇಡಿಕೆ ಬಂದು ನಿಂತಿತು. ಇತ್ತ ಊರಿನ ಕೆಲವರು ಉದ್ದ ಕೂದಲಿನ ಹುಡುಗರನ್ನು ಹಿಡಿದು ಹೊಡೆದರು.

ಐವತ್ತಾರು ವರ್ಷದ ವಿಲಾರ್ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ದಿನವೂ ಚೌಕಕ್ಕೆ ನಡೆದು ಹೋಗಿ ಗುಂಪಿನ ನಡುವೆ ನಿಂತು ವಾದಿಸಿದರು. ಪೊಲೀಸರ ಮರೆಗೆ ಹೋಗಲೂ ಒಪ್ಪಲಿಲ್ಲ, ಉತ್ಸವವನ್ನು ರದ್ದುಪಡಿಸಲೂ ಒಪ್ಪಲಿಲ್ಲ. 'ಪ್ಯಾರಡೈಸ್ ನೌ' ಎಂಬ ನಾಟಕದ ರಾತ್ರಿಗಳಲ್ಲಿ ಟಿಕೆಟಿಲ್ಲದವರನ್ನೂ ಒಳಗೆ ಬಿಡಬೇಕೆಂದು ಲಿವಿಂಗ್ ಥಿಯೇಟರ್ ಹಟ ಹಿಡಿಯಿತು. ನಗರಸಭೆಯು ಬೇರೆ ನಾಟಕ ಆಡುವಂತೆ ಕೇಳಿತು. ತಂಡ ಪ್ರತಿಭಟನೆಯ ಹೇಳಿಕೆ ಕೊಟ್ಟು ಉತ್ಸವದಿಂದ ಹೊರನಡೆಯಿತು. ಈ ಪ್ರಕರಣದಲ್ಲಿ ಎರಡೂ ಕಡೆ ಕೊಂಚ ಕೊಂಚ ನ್ಯಾಯವಿತ್ತೆಂದು ಇಂದು ದೂರದಿಂದ ಹೇಳುವುದು ಸುಲಭ. ಬಾಗಿಲು ದಾಟಲು ಹಣವನ್ನೇ ಕೊಡಲಾಗದವನ ಕೋಪ ಸುಳ್ಳಲ್ಲ. ನಟನ ಸಂಬಳ, ಬೆಳಕಿನ ಖರ್ಚು ಎಲ್ಲಿಂದ ಬರಬೇಕೆಂಬ ಲೆಕ್ಕ ಬಲ್ಲವನ ಸಂಕಟವೂ ಸುಳ್ಳಲ್ಲ. ಸಾಲಜಾರನ ಹೋಲಿಕೆ ಮಾತ್ರ ಕ್ರೂರ ಅನ್ಯಾಯ.

ಆ ಬೇಸಿಗೆಯ ಪೆಟ್ಟು ವಿಲಾರ್ ಅವರನ್ನು ಒಳಗಿನಿಂದ ಅಲ್ಲಾಡಿಸಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಂಡು 1969 ಮತ್ತು 1970ರ ಉತ್ಸವಗಳನ್ನು ನಡೆಸಿಕೊಟ್ಟರು. ಯುವಜನರ ಶಿಬಿರಗಳೂ ಮುಂದುವರಿದವು, ಹುಲ್ಲಿನ ಮೇಲಿನ ಚರ್ಚೆಗಳೂ ನಿಲ್ಲಲಿಲ್ಲ. 1971ರ ಮೇ 28ರಂದು ಸೆತ್ ಪಟ್ಟಣದ ತಮ್ಮ ಮನೆಯಲ್ಲಿ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು. ಕಡಲಿಗೆ ಮುಖ ಮಾಡಿದ ಆ ಊರಿನ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪಾಲ್ ವಲೇರಿ ಮಲಗಿರುವುದೂ ಅಲ್ಲಿಯೇ.

ಜುಲೈನಲ್ಲಿ ಉತ್ಸವ ಎಂದಿನಂತೆ ನಡೆಯಿತು. ಅವರ ಒಡನಾಡಿ ಪಾಲ್ ಪ್ಯುವೊ ಹೊಣೆ ಹೊತ್ತರು. ಟಿ.ಎನ್.ಪಿ. ಎಂಬ ಹೆಸರು 1972ರಲ್ಲಿ ಪ್ಯಾರಿಸ್ ಬಿಟ್ಟು ಲಿಯೋನ್ ನಗರದ ಪಕ್ಕದ ವಿಲ್ಯೂರ್ಬಾನ್‌ಗೆ, ರೊಜೆ ಪ್ಲಾಂಶೋನ್ ಅವರ ತಂಡಕ್ಕೆ ಹೋಯಿತು. 1979ರಲ್ಲಿ ಆವಿನ್ಯಾನಿನಲ್ಲಿ ವಿಲಾರ್ ಸ್ಮಾರಕ ಭವನ ತೆರೆಯಿತು. ಪೀಟರ್ ಬ್ರೂಕ್ ಅವರ ಒಂಬತ್ತು ತಾಸುಗಳ 'ಮಹಾಭಾರತ' ಮೊದಲು ರಂಗಕ್ಕೆ ಬಂದದ್ದು 1985ರಲ್ಲಿ, ಇದೇ ಉತ್ಸವಕ್ಕಾಗಿ ಊರಾಚೆಯ ಕಲ್ಲುಗಣಿಯೊಂದರಲ್ಲಿ. ಮಲ್ಲಿಕಾ ಸಾರಾಭಾಯ್ ಅದರಲ್ಲಿ ದ್ರೌಪದಿಯಾಗಿದ್ದರು.

1947ರಲ್ಲಿ ಮೂರು ನಾಟಕಗಳಿಂದ ಆರಂಭವಾದ ಕಡೆ ಈಗ ಪ್ರತಿ ಜುಲೈನಲ್ಲಿ ಮೂಲ ಉತ್ಸವದ ಜೊತೆಗೆ, ಯಾರ ಆಹ್ವಾನವೂ ಇಲ್ಲದೆ ತಾವಾಗಿ ಬಂದು ಗ್ಯಾರೇಜು, ಶಾಲೆ, ಹಳೆಯ ಚಾಪೆಲ್‌ಗಳಲ್ಲಿ ಆಡುವ ತಂಡಗಳದೇ ಸಾವಿರಕ್ಕೂ ಹೆಚ್ಚು ಪ್ರಯೋಗಗಳು ನಡೆಯುತ್ತವೆ. ಅವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನವರು. ಹಗಲು ಹೊತ್ತು ವೇಷ ತೊಟ್ಟು ಬೀದಿಯಲ್ಲಿ ಕರಪತ್ರ ಹಂಚಿ ತಮ್ಮ ಪ್ರೇಕ್ಷಕರನ್ನು ತಾವೇ ಕರೆಯುತ್ತಾರೆ. ರಾತ್ರಿ ಅರಮನೆಯ ಅಂಗಳದಲ್ಲಿ ಆಟಕ್ಕೆ ಮುನ್ನ ಮೊರಿಸ್ ಜಾರ್ ಅವರ ತುತ್ತೂರಿಗಳು ಮೊಳಗುತ್ತವೆ.